ಕೆಂದಿಯ ಒಪ್ಪಿಗೆ

ದ್ವೀಪಕ್ಕೆ ಹೋಗುವುದೆಂದು ತೀರ್ಮಾನವಾದ ದಿನದಿಂದ ಆ ಮನೆಯಲ್ಲಿ ಯಾರೂ ನೆಟ್ಟಗೆ ನಡೆಯುತ್ತಿರಲಿಲ್ಲ. ಮಗಳು ಅಡುಗೆಮನೆಯಿಂದ ಅಂಗಳಕ್ಕೆ ಹೋಗಬೇಕಾದರೂ ಓಡಿಯೇ ಹೋಗುತ್ತಿದ್ದಳು. ದೋಣಿ ಆ ಕಡೆ ಈ ಕಡೆ ತೂಗಾಡುತ್ತದೆ, ಅಭ್ಯಾಸವಿಲ್ಲದವರಿಗೆ ಹೊಟ್ಟೆ ತೊಳೆಸುತ್ತದೆ ಎಂದು ಯಾರೋ ಹೇಳಿದ್ದರಿಂದ, ತಾತ ಬೆಳಿಗ್ಗೆ ಎದ್ದೊಡನೆ ಅಂಗಳದ ಕಂಬ ಹಿಡಿದು, ಕಾಲು ಅಗಲಿಸಿ ನಿಂತು, ಎಡಕ್ಕೂ ಬಲಕ್ಕೂ ವಾಲುತ್ತಿದ್ದ. "ಪರವಾಗಿಲ್ಲ, ನಿನ್ನೆಗಿಂತ ಕಡಿಮೆ ತಲೆ ತಿರುಗ್ತಾ ಇದೆ," ಎಂದು ತನಗೆ ತಾನೇ ವರದಿ ಒಪ್ಪಿಸಿಕೊಳ್ಳುತ್ತಿದ್ದ.

ಅಪ್ಪನದು ಪಂಪುಸೆಟ್ ರಿಪೇರಿ ಅಂಗಡಿ, ಮನೆಯ ಮುಂಭಾಗದಲ್ಲೇ. ಸುತ್ತಲಿನ ಹೊಲಗಳಲ್ಲಿ ಯಾವ ಪಂಪು ಕೆಮ್ಮಿದರೂ ಕೊನೆಗೆ ಅವನ ಮೇಜಿಗೇ ಬಂದು ಮಲಗುತ್ತಿತ್ತು. ಆ ವಾರ ಪಂಪಿನ ಜಾಗದಲ್ಲಿ ಹೊಸದೊಂದು ಸೂಟ್‌ಕೇಸು ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಅದರ ಗಾಲಿ ಬಿಗಿ ಎಂಬುದು ಅವನ ದೂರು. ಹೊಸ ಗಾಲಿ ಹಾಗೇ ಇರುತ್ತದೆಂದು ಮಗಳು ಹೇಳಿದರೂ ಕೇಳದೆ ಒಂದೊಂದನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪಂಪಿನ ಬೇರಿಂಗಿಗೆ ಹಾಕುವ ಗ್ರೀಸನ್ನೇ ಧಾರಾಳವಾಗಿ ಮೆತ್ತಿ, ಮತ್ತೆ ಕೂರಿಸಿದ. ಬೆರಳಿನಿಂದ ಒಮ್ಮೆ ತಟ್ಟಿದರೆ ಗಾಲಿ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತಿತ್ತು.

"ಇನ್ನು ಇದನ್ನ ಎಳೆಯೋದೇ ಬೇಡ. ಹೆಸರು ಹಿಡಿದು ಕರೆದರೆ ಹಿಂದೆ ಬರುತ್ತೆ," ಎಂದ.

ದ್ವೀಪಕ್ಕೆ ಕರೆದಿದ್ದವನು ಅಮ್ಮನ ತಮ್ಮ. ಅವನು ಆ ದ್ವೀಪದಲ್ಲಿ ದೋಣಿಗಳ ಇಂಜಿನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಬಹಳ ಕಾಲವಾಗಿತ್ತು. ಅವನಿಗೆ ಈಗ ಸ್ವಂತದ್ದೊಂದು ಮನೆಯಾಗಿತ್ತು. ಬಾಗಿಲು ತೆಗೆದರೆ ಮರಳು, ಮರಳು ಮುಗಿದರೆ ನೀರು. ಫೋನಿನಲ್ಲಿ ಅದನ್ನೆಲ್ಲ ತೋರಿಸುತ್ತ, "ನೀಲಿ ಅಂತಾರೆ ಅಕ್ಕ, ಸುಳ್ಳು. ದಡದ ಹತ್ತಿರ ಹಸಿರು. ನೀನೇ ಬಂದು ನೋಡು," ಎಂದಿದ್ದ. ಅಂಗಡಿಗೆ ರಜೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಟದ್ದು ಆ ಮನೆಯ ಇತಿಹಾಸದಲ್ಲೇ ಇರಲಿಲ್ಲ. ಮದುವೆ ಮುಂಜಿಗಳಿಗೂ ಒಬ್ಬರು ಹೋದರೆ ಒಬ್ಬರು ಉಳಿಯುತ್ತಿದ್ದರು. ಉಳಿಯುತ್ತಿದ್ದವಳು ಯಾವಾಗಲೂ ಅಮ್ಮ.

ಈ ಸಲವೂ ಅವಳು ಮಗಳ ಟೋಪಿಗೆ ದಾರ ಹೊಲಿಯುತ್ತ, ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ನೀವು ಹೋಗಿ ಬನ್ನಿ. ನಾನು ಇರ್ತೀನಿ. ಕೆಂದಿ ಇದ್ದಾಳಲ್ಲ."

ಕೆಂದಿ ಎಂದರೆ ಹಿತ್ತಲ ಕೊಟ್ಟಿಗೆಯ ಹಸು. ಅದರ ಕರು ಮೇವಿಗೆ ಬಿದ್ದು ಬೇರೆ ಮನೆ ಸೇರಿತ್ತು. ಕೆಂದಿ ಹಾಲು ಕೊಡುತ್ತಿದ್ದುದು ಅಮ್ಮನ ಕೈಗೆ ಮಾತ್ರ. ಅಪ್ಪ ಒಮ್ಮೆ ಕೂತು ನೋಡಿದ್ದ. ಆಗ ಬಿದ್ದ ಒದೆಯ ಗುರುತನ್ನು ಅವನು ಈಗಲೂ ಕೇಳಿದವರಿಗೆಲ್ಲ ತೋರಿಸುತ್ತಿದ್ದ. ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಹಸು ಮಲಗಿಬಿಡುತ್ತದೆ. ಆದ್ದರಿಂದ ಅಮ್ಮನಿಗೆ ರಜೆ ಎಂಬುದಿರಲಿಲ್ಲ.

"ಅಮ್ಮ ಬರ್ದೇ ಇದ್ರೆ ನಾನೂ ಬರಲ್ಲ," ಎಂದಳು ಮಗಳು.

"ನೀನು ಬರಲ್ಲ ಅಂದ್ರೆ ನಾನ್ಯಾಕೆ ಬೆಳಿಗ್ಗೆ ಬೆಳಿಗ್ಗೆ ಕಂಬ ಸುತ್ತಲಿ?" ಎಂದ ತಾತ.

ಅಪ್ಪ ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಕೊಟ್ಟಿಗೆಯ ಕಡೆ ನೋಡಿದ. ನಂತರ ಪಕ್ಕದ ಮನೆಯ ಡ್ರೈವರಣ್ಣನನ್ನು ಕರೆದುಕೊಂಡು ಬಂದ.

ಡ್ರೈವರಣ್ಣ ಬಸ್ಸಿನ ಕೆಲಸದಿಂದ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಚಿಕ್ಕಂದಿನಲ್ಲಿ ಹಸು ಕರೆದ ಕೈ ಅವನದು. ಜೊತೆಗೆ ಅವನ ಅಡುಗೆಮನೆಗೂ ಕೊಟ್ಟಿಗೆಗೂ ಗೋಡೆ ಒಂದೇ. "ಅಷ್ಟು ದೊಡ್ಡ ಬಸ್ಸನ್ನೇ ಘಾಟಿ ಹತ್ತಿಸಿದವನು ನಾನು," ಎಂದು ಪಂಚೆ ಮೇಲಕ್ಕೆ ಕಟ್ಟಿ ಕೂತ. ಕೆಂದಿ ಒದೆಯಲಿಲ್ಲ. ಆದರೆ ಎಷ್ಟು ನೇವರಿಸಿದರೂ ಹಾಲು ಇಳಿಸಲಿಲ್ಲ. ಬಕೆಟ್ಟಿನ ತಳ ಮುಚ್ಚುವಷ್ಟೂ ಆಗದೆ ಅವನು ಎದ್ದ.

"ಕೈ ಸರಿಯಾಗೇ ಇದೆ ಅಣ್ಣ," ಎಂದಳು ಅಮ್ಮ ಸ್ವಲ್ಪ ಸಂಕೋಚದಿಂದ. "ಅವಳಿಗೆ ಮಾತು ಬೇಕು."

ಅದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಅಮ್ಮ ಹಾಲು ಕರೆಯುವಾಗ ಕೆಂದಿಯ ಹೊಟ್ಟೆಗೆ ಹಣೆಯೊತ್ತಿ ಒಂದೇ ಸಮನೆ ಗೊಣಗುತ್ತಿದ್ದಳು. ದನಿ ಏರುವಂತಿಲ್ಲ, ಇಳಿಯುವಂತಿಲ್ಲ, ರಾಗಿ ಬೀಸುವ ಕಲ್ಲಿನ ಹಾಗೆ. ಏನು ಗೊಣಗುತ್ತಾಳೆಂದು ಯಾರೂ ಹತ್ತಿರ ಹೋಗಿ ಕೇಳಿರಲಿಲ್ಲ. ಆ ಹೊತ್ತಿನಲ್ಲಿ ಕೊಟ್ಟಿಗೆಗೆ ಯಾರೂ ಹೋಗಬಾರದೆಂಬುದು ಆ ಮನೆಯ ನಿಯಮ.

ಮಗಳಿಗೆ ಉಪಾಯ ಹೊಳೆಯಿತು. ಮಾತು ಬಿಡಿಸಿ ಕೇಳದಿದ್ದರೂ ದನಿ ಸಾಕೆಂದು ಅಮ್ಮನ ಗೊಣಗಾಟವನ್ನು ಬಾಗಿಲ ಹಿಂದಿನಿಂದ ಫೋನಿನಲ್ಲಿ ಹಿಡಿದು, ಮರುದಿನ ಡ್ರೈವರಣ್ಣ ಕೂತಾಗ ಗೂಟಕ್ಕೆ ನೇತುಹಾಕಿದಳು. ಗೂಟದಿಂದ ಯಜಮಾನಿಯ ದನಿ ಬಂದದ್ದೇ ತಡ, ಕೆಂದಿ ಕಿವಿ ನಿಮಿರಿಸಿ, ಅವಳನ್ನು ಹುಡುಕುತ್ತ ಗಿರ್ರನೆ ಸುತ್ತು ಹಾಕಿತು. ಬಕೆಟ್ಟು ಒಂದು ಕಡೆ, ಡ್ರೈವರಣ್ಣ ಒಂದು ಕಡೆ, ಫೋನು ಸಗಣಿಯಲ್ಲಿ.

"ಹಸುಗೆ ಮೋಸ ಮಾಡಬಾರದು ಕಣಮ್ಮ," ಎಂದು ಡ್ರೈವರಣ್ಣ ಸೊಂಟ ಹಿಡಿದುಕೊಂಡು ಎದ್ದ. "ನಿಮ್ಮಮ್ಮ ಊರಲ್ಲಿ ಇದ್ದಾಳೆ ಅಂತ ಅದಕ್ಕೆ ಗೊತ್ತು. ಇರೋ ತನಕ ನನ್ನ ಕೈಗೆ ಯಾಕೆ ಕೊಡುತ್ತೆ? ನೀವೆಲ್ಲ ಹೊರಡಬೇಕು. ಅದು ನೋಡೋ ಹಾಗೆ ಹೊರಡಬೇಕು."

ಹೀಗೆ ಹೊರಡುವ ದಿನ ಇನ್ನೂ ದೂರವಿರುವಾಗಲೇ ಅವರು ಒಮ್ಮೆ ಹೊರಟರು.

ಸಂಜೆಯ ಬಿಸಿಲು ಇನ್ನೂ ಇತ್ತು. ಹೊಸ ಬಟ್ಟೆ ಹಾಕಬೇಕೇ ಬೇಡವೇ ಎಂಬ ಚರ್ಚೆ ನಡೆದು, ಕೆಂದಿ ಬುದ್ಧಿವಂತೆ, ಹಳೇ ಬಟ್ಟೆಯಲ್ಲಿ ಹೊರಟರೆ ನಂಬಲಾರದು ಎಂದು ತಾತ ತೀರ್ಪು ಕೊಟ್ಟ. ಅವನು ತೊಳೆದ ಶರ್ಟಿಗೆ ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡ. ಮಗಳು ಟೋಪಿ ಹಾಕಿದಳು. ಸೂಟ್‌ಕೇಸಿಗೆ ಅಪ್ಪ ನಿಜವಾಗಿಯೂ ಬಟ್ಟೆ ತುಂಬಿದ. ಭಾರವಿಲ್ಲದಿದ್ದರೆ ಗಾಲಿಯ ಪರೀಕ್ಷೆ ಆಗುವುದು ಹೇಗೆ ಎಂಬುದು ಅವನ ವಾದ. ಅಮ್ಮ ಮಾತ್ರ ಸೀರೆ ಬದಲಿಸಿ, ಚಪ್ಪಲಿ ಹಾಕಿ, ಕೈಗೆ ಏನೂ ತೆಗೆದುಕೊಳ್ಳದೆ ನಿಂತಿದ್ದಳು. ಎಲ್ಲರೂ ಸಾಲಾಗಿ ಕೊಟ್ಟಿಗೆಯ ಮುಂದೆ ಹಾದು ಕೆಂದಿಗೆ ಹೇಳಿ ಹೊರಟರು. ಕೆಂದಿ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡಿತು.

ಬೀದಿಯಲ್ಲಿ ದರ್ಜಿ ಮೆಷೀನು ನಿಲ್ಲಿಸಿ ಕೇಳಿದ. "ಏನು, ಇವತ್ತೇ ಹೊರಟ್ರಾ? ಮುಂದಿನ ತಿಂಗಳು ಅಂದಿದ್ರಿ."

"ಇಲ್ಲ, ಇದು ಸುಮ್ನೆ," ಎಂದಳು ಅಮ್ಮ ತಲೆ ತಗ್ಗಿಸಿ.

"ಸುಮ್ನೆ ಅಲ್ಲ. ಹಸುಗೆ ತೋರಿಸೋಕೆ," ಎಂದ ತಾತ ಗಂಭೀರವಾಗಿ. ದರ್ಜಿ ಹೆಚ್ಚು ಕೇಳದಿರುವುದೇ ವಾಸಿ ಎಂಬಂತೆ ಮತ್ತೆ ಮೆಷೀನು ತುಳಿದ.

ಬೀದಿ ಸುತ್ತಿಕೊಂಡು ಬಂದು ಅವರು ಹಿತ್ತಲ ಓಣಿಯ ಮೇಲ್ತುದಿಯಲ್ಲಿ, ಡ್ರೈವರಣ್ಣನ ಮನೆಯ ಗೋಡೆಗೆ ಅಂಟಿಕೊಂಡು ಕೂತರು. ಓಣಿ ಅಲ್ಲಿಂದ ಇಳಿಜಾರಾಗಿ ಕೊಟ್ಟಿಗೆಯ ಬಾಗಿಲಿಗೇ ಹೋಗಿ ಮುಗಿಯುತ್ತದೆ. ಅಲ್ಲಿ ಕೂತರೆ ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಕೆಂದಿಗೆ ಮಾತ್ರ ಇವರು ಕಾಣುವಂತಿರಲಿಲ್ಲ. ಅಪ್ಪ ಸೂಟ್‌ಕೇಸಿನ ಹಿಡಿ ಹಿಡಿದುಕೊಂಡೇ ನಿಂತ. ಮಗಳು ಬಾಯಿಗೆ ಟೋಪಿ ಅಡ್ಡ ಹಿಡಿದಳು. ಅವಳಿಗೆ ನಗು ಬರುತ್ತಿತ್ತೋ ಭಯವಾಗುತ್ತಿತ್ತೋ ಅವಳಿಗೇ ತಿಳಿಯುತ್ತಿರಲಿಲ್ಲ. ಇವತ್ತು ಹಾಲು ಇಳಿದರೆ ಅಮ್ಮ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಒಳಗೆ ಬೂಸಾ ಸುರಿದ ಸದ್ದಾಯಿತು. ಬಕೆಟ್ಟು ಇಟ್ಟ ಸದ್ದಾಯಿತು.

"ಆ ಕಂಡಕ್ಟರು ಇದ್ನಲ್ಲ," ಎಂದು ಡ್ರೈವರಣ್ಣ ಶುರು ಮಾಡಿದ, "ಚಿಲ್ಲರೆ ಕೇಳಿದ್ರೆ ಆಕಾಶ ನೋಡೋನು..." ಕಾಲು ಝಾಡಿಸಿದ ಸದ್ದು. "ಬೇಡ್ವಾ? ಆಯ್ತು. ಆ ಬಸ್ಸಿನ ಎರಡನೇ ಗೇರು..." ಮತ್ತೆ ಕಾಲು.

ಆಮೇಲೆ ಡ್ರೈವರಣ್ಣನ ದನಿ ತಗ್ಗಿತು.

"ಗೊಣಗೋಕೆ ಮನೇಲಿ ಯಾರಾದ್ರೂ ಇರಬೇಕಲ್ಲ ಕೆಂದೀ. ನನಗೆ ಯಾರಿದ್ದಾರೆ ಹೇಳು. ಇದ್ದೋಳ ಮೇಲೆ ಗೊಣಗೋ ಹಾಗಿರಲಿಲ್ಲ, ಅವಳೇ ನನ್ನ ಮೇಲೆ ಗೊಣಗೋಳು. ಹೋದ ಮೇಲೆ ಈ ಗೋಡೆ ಕಡೆಯಿಂದ ನಿಮ್ಮಮ್ಮನ ಗೊಣಗಾಟ ಕೇಳುತ್ತೆ, ಅಡುಗೆ ಮಾಡುವಾಗ. ಮನೇಲಿ ಯಾರೋ ಇದ್ದಾರೆ ಅನ್ಸುತ್ತೆ." ಮೂಗು ಸೀಟಿದ ಸದ್ದಾಯಿತು. "ಇರು. ಅದನ್ನೇ ಹೇಳ್ತೀನಿ. ನನಗೆ ಬಾಯಿಪಾಠ ಆಗಿದೆ."

ಗೋಡೆಯ ಹಿಂದೆ ಅಮ್ಮ ತಟ್ಟನೆ ತಲೆಯೆತ್ತಿದಳು.

ಒಳಗಿನಿಂದ ಈಗ ಬಂದದ್ದು ಗಂಡಸಿನ ದನಿಯೇ. ಆದರೆ ಓಟ ಅಮ್ಮನದು, ಏರದೆ ಇಳಿಯದೆ ಸಾಗುವ ಅದೇ ಬೀಸುಗಲ್ಲು. "ಈ ಮನೇಲಿ ತೆಗೆದದ್ದನ್ನ ತೆಗೆದ ಜಾಗದಲ್ಲಿ ಇಟ್ಟೋರುಂಟಾ? ಒರೆಸೋ ಬಟ್ಟೆ ಪಕ್ಕದಲ್ಲೇ ಇದ್ರೂ ಗ್ರೀಸು ನನ್ನ ಟವಲಿಗೇ ಆಗಬೇಕು. ಮಾವ ಕಷಾಯ ಕುಡಿದೆ ಅಂತಾರೆ, ಗಿಡದ ಬುಡ ನೋಡಿದ್ರೆ ಗೊತ್ತಾಗಲ್ವಾ? ಇವಳೊಬ್ಬಳು, ಬಾಚಿದ ಕೂದಲು ಮನೆ ತುಂಬ..."

ತಾತ ಓಣಿಯ ಕಲ್ಲುಗಳನ್ನು ನೋಡತೊಡಗಿದ. ಮಗಳು ಟೋಪಿಯೊಳಗೆ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

"...ತಮ್ಮ ಕರೆದದ್ದು ಅಕ್ಕನ್ನ. ಹೋಗೋರು ಮಿಕ್ಕೋರೆಲ್ಲ. ನನಗೂ ಸಮುದ್ರ ನೋಡಬೇಕು ಅಂತ ಯಾರಾದ್ರೂ ಕೇಳಿದ್ರಾ? ಕೇಳಿದ್ರೆ ತಾನೇ ಹೇಳೋದು. ಕಾಲು ಮುಳುಗೋ ಅಷ್ಟು ನೀರಲ್ಲಿ ಒಂದು ಗಳಿಗೆ ನಿಂತ್ರೆ ಸಾಕಿತ್ತು ನನಗೆ. ಹೇಳಿ ಏನಾಗಬೇಕು, ಇರು ಇರು, ಕಾಲೆತ್ತಬೇಡ..."

ನಗುತ್ತಿದ್ದವರು ನಗುವುದನ್ನು ಬಿಟ್ಟರು. ಅಪ್ಪ ಹೆಂಡತಿಯ ಕಡೆ ತಿರುಗಿದ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಾಲು ಯಾರು ಕರೀತಿದ್ರು?" ಎಂದಳು ಅಮ್ಮ, ಸೆರಗಿನ ಅಂಚು ನೋಡುತ್ತ.

ಅಪ್ಪ ಎರಡೂ ಕೈ ಚಾಚಿ ಏನೋ ಹೇಳಲು ಹೊರಟ. ಅಷ್ಟರಲ್ಲಿ ಒಳಗಿನಿಂದ ಬಕೆಟ್ಟಿನ ತಗಡಿಗೆ ಚುರ್ರೆಂದು ಹಾಲಿನ ಒಂದು ಗೆರೆ ಬಿತ್ತು. ಮತ್ತೊಂದು. ಆಮೇಲೆ ಎರಡು ಗೆರೆಗಳು ಒಂದರ ಹಿಂದೊಂದು, ಬಿಡುವಿಲ್ಲದೆ. ತುಂಬುತ್ತಿದ್ದ ಹಾಲಿನೊಳಗೆ ಸದ್ದು ನಿಧಾನವಾಗಿ ದಪ್ಪಗಾಯಿತು.

ಮಗಳು ತಾತನ ತೋಳು ಹಿಡಿದು ಅಲುಗಾಡಿಸಿದಳು. ಅಪ್ಪನ ಎರಡು ಕೈಗಳೂ ಇನ್ನೂ ಗಾಳಿಯಲ್ಲೇ ಇದ್ದವು. ಅವುಗಳಲ್ಲಿ ಸೂಟ್‌ಕೇಸು ಇಲ್ಲವೆಂಬುದನ್ನು ಮೊದಲು ಕಂಡವಳು ಅಮ್ಮ.

ಅದು ಸದ್ದೇ ಮಾಡದೆ ಹೊರಟುಹೋಗಿತ್ತು. ಗ್ರೀಸು ಕುಡಿದ ಗಾಲಿಗಳು ಓಣಿಯ ಇಳಿಜಾರನ್ನು ಕಂಡದ್ದೇ ತಡ, ಯಾರೋ ಕರೆದಂತೆ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ನೇರ ಕೊಟ್ಟಿಗೆಯ ಕಡೆಗೆ. ಅಮ್ಮ ಸೀರೆ ಎತ್ತಿ ಹಿಡಿದು ಓಡಿದಳು. ಅವಳು ಓಡುವುದನ್ನು ಮಗಳು ನೋಡಿದ್ದು ಅದೇ ಮೊದಲು. ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಸೂಟ್‌ಕೇಸು ಕೊಟ್ಟಿಗೆಯ ಬಾಗಿಲಿಗೆ ಧಡ್ಡೆಂದು ಬಡಿದು, ಬಾಯಿ ಬಿಟ್ಟು, ಬಟ್ಟೆಯನ್ನೆಲ್ಲ ಹುಲ್ಲಿನ ಮೇಲೆ ಚೆಲ್ಲಿತು. ಬಾಗಿಲು ತೆರೆದುಕೊಂಡಿತು. ಎದುರಿಗೆ ಕೆಂದಿ.

ಅಮ್ಮ ನಿಂತಲ್ಲೇ ನಿಂತಳು. ಮೇಲಿನಿಂದ ಓಡಿ ಬಂದವರೂ ನಿಂತರು. ಕೆಂದಿ ತಲೆಯೆತ್ತಿ ಅವಳನ್ನು ನೋಡಿತು. ಕಿವಿ ಮುಂದಕ್ಕೆ ಬಂತು. ಡ್ರೈವರಣ್ಣನ ಕೈ ಒಂದು ಕ್ಷಣ ತಡೆಯಿತು, ಆದರೆ ಬಾಯಿ ನಿಲ್ಲಲಿಲ್ಲ.

"...ನೋಡು, ಹೋದ ದಾರೀಲೇ ವಾಪಸ್ಸು ಬಂದ್ರು. ಸಮುದ್ರಕ್ಕೆ ಇವತ್ತು ರಜೆ ಇತ್ತೇನೋ, ಬಾಗಿಲು ಹಾಕಿತ್ತೇನೋ. ಇಂಥೋರನ್ನ ಕಟ್ಟಿಕೊಂಡು ನಾನೇನು ಮಾಡಲಿ..."

ಕೆಂದಿ ಅವಳನ್ನು ಇನ್ನೊಮ್ಮೆ ನೋಡಿತು. ನಂತರ ಮೂತಿಯನ್ನು ಬೂಸಾದ ಬುಟ್ಟಿಗೆ ಇಳಿಸಿತು. ಬಕೆಟ್ಟಿನಲ್ಲಿ ಮತ್ತೆ ಸದ್ದು ಶುರುವಾಯಿತು.

ಅಮ್ಮನ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಸ್ವಂತ ಮಗು ಮೊದಲ ಸಲ ಕೈ ಬಿಡಿಸಿಕೊಂಡು ಬೇರೆಯವರ ತೋಳಿಗೆ ಜಿಗಿದಾಗ ಆಗುವಂಥದ್ದು. "ನೋಡಿದ್ರಾ ಇವಳನ್ನ," ಎಂದಳು. "ಇಷ್ಟೇನಾ ಇವಳಿಗೆ ನಾನು? ಒಂದು ಬುಟ್ಟಿ ಬೂಸಾ?" ಎನ್ನುವಷ್ಟರಲ್ಲಿ ಅವಳಿಗೇ ನಗು ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಕಣ್ಣಿನಲ್ಲಿ ನೀರು ಬರುವವರೆಗೆ ನಕ್ಕಳು.

"ಅಣ್ಣ, ನಾವಿಲ್ಲದಾಗ ಇಷ್ಟು ದಿನ ಗೊಣಗೋಕಾಗುತ್ತಾ ನಿಮಗೆ?"

"ಅಯ್ಯೋ ತಾಯಿ, ನಿನ್ನ ಗಂಡನದೇ ಒಂದು ವಾರಕ್ಕಾಗುತ್ತೆ," ಎಂದ ಡ್ರೈವರಣ್ಣ ತಲೆಯೆತ್ತದೆ. "ಮಿಕ್ಕೋರನ್ನ ಇನ್ನೂ ಮುಟ್ಟೇ ಇಲ್ಲ."

ಅಪ್ಪ ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಚೆಲ್ಲಿದ ಬಟ್ಟೆಗಳನ್ನು ಆರಿಸುತ್ತಿದ್ದ. ತನ್ನ ಶರ್ಟು, ಮಗಳ ಫ್ರಾಕು, ತಾತನ ಪಂಚೆ. ಮತ್ತೆ ತನ್ನ ಶರ್ಟು. ಅವನ ಕೈ ನಿಧಾನವಾಯಿತು. ಅಷ್ಟರಲ್ಲಿ ಅಮ್ಮ ಬಂದು ಅವನು ಮಡಿಸಿ ಇಟ್ಟಿದ್ದನ್ನೆಲ್ಲ ಎತ್ತಿ ಅವನ ಮಡಿಲಿಗೇ ಹಾಕಿದಳು.

"ಎಲ್ಲಾ ತೆಗೀರಿ. ಮೊದಲು ನನ್ನದು ಇಡಬೇಕು. ಉಳಿದ ಜಾಗದಲ್ಲಿ ನಿಮ್ಮದು."

"ಜಾಗ ಸಾಲದಿದ್ರೆ?"

"ಸಾಲದಿದ್ರೆ ಶರ್ಟು ಹಾಕ್ಕೊಂಡೇ ಬನ್ನಿ, ಒಂದರ ಮೇಲೊಂದು."

ಮಗಳು ಕೂಗುತ್ತ ಒಳಗೆ ಓಡಿದಳು, ಮಾಮನಿಗೆ ಫೋನು ಮಾಡಲು. ತಾತ ಮಾತ್ರ ಇನ್ನೊಂದು ಚಿಂತೆಯಲ್ಲಿ ಸೊಸೆಯ ಹತ್ತಿರ ಬಂದ.

"ಅಲ್ಲಮ್ಮ, ನಮಗೆಲ್ಲ ಸ್ವಲ್ಪ ಸ್ವಲ್ಪ ರೂಢಿಯಾಗಿದೆ. ನಿನಗೆ ದೋಣಿಯ ಅಭ್ಯಾಸವೇ ಇಲ್ಲವಲ್ಲ. ತಡ ಮಾಡಬಾರದು. ಬಾ, ಕಂಬ ಹಿಡ್ಕೋ."

ಅಮ್ಮ ಅತ್ತಿತ್ತ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಟ್ಟಿಗೆಗೆ ಎದುರಾದ ಅಂಗಳದ ಕಂಬ ಹಿಡಿದು, ಕಾಲು ಅಗಲಿಸಿ ನಿಂತಳು.

"ಈಗ ಎಡಕ್ಕೆ," ಎಂದ ತಾತ. "ಮೆಲ್ಲಗೆ. ಕಣ್ಣು ಮುಚ್ಚಬೇಡ, ದೂರ ನೋಡು."

ಅವಳು ದೂರ ನೋಡುತ್ತ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ತೆರೆದ ಬಾಗಿಲಿನಾಚೆ ಕೆಂದಿ ಬೂಸಾ ಮೆಲ್ಲುವುದನ್ನು ನಿಲ್ಲಿಸಿ ಅವಳನ್ನೇ ದಿಟ್ಟಿಸಿತು. ಡ್ರೈವರಣ್ಣ ಅದರ ಹೊಟ್ಟೆಗೆ ಹಣೆಯೊತ್ತಿ ಮಾತು ಮುಂದುವರಿಸಿದ.

"ನೋಡಬೇಡ ಆ ಕಡೆ. ಆ ಮನೆಯವರಿಗೆಲ್ಲ ಹಿಡಿದಿದೆ ಸಮುದ್ರದ ಹುಚ್ಚು..."