ಕೂರುವವರನ್ನೇ ಕೂರಿಸುವ ಮೈಲಾರಲಿಂಗಪ್ಪ

ಲೋಕದ ಜನ ಮುಖ ನೋಡಿ ಮಣೆ ಹಾಕುತ್ತಾರೆ. ಕೌಲ್ ಬಜಾರಿನ ಮೈಲಾರಲಿಂಗಪ್ಪನವರು ಹಿಂದಿನ ಚಕ್ರ ನೋಡಿ ಮಣೆ ಹಾಕುತ್ತಾರೆ. ಅವರ ಗ್ಯಾರೇಜಿಗೆ ನಾನು ಮೊದಲ ಸಲ ಸ್ಕೂಟರ್ ತಳ್ಳಿಕೊಂಡು ಹೋದಾಗ ನನ್ನ ನಮಸ್ಕಾರವನ್ನು ಗಾಳಿಗೆ ಬಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ಟೈರನ್ನೇ ದಿಟ್ಟಿಸಿ, "ಪುಸ್ತಕದ ಚೀಲ ಯಾವಾಗ್ಲೂ ಎಡಕ್ಕ ತೂಗಹಾಕ್ತೀರೇನ್ರಿ?" ಎಂದಿದ್ದರು. ನಾನು ಸಾಹಿತಿಯೆಂಬುದನ್ನು ಈ ಊರಿನಲ್ಲಿ ಗುರುತಿಸಿದ ಮೊದಲಿಗರು ಅವರೇ ಎಂಬ ಕೃತಜ್ಞತೆ ನನಗೆ ಇಂದಿಗೂ ಇದೆ.

ಬಳ್ಳಾರಿಯ ಬಿಸಿಲಿಗೆ ಮೈಮೇಲಿನ ಬನಿಯನ್ನೂ ಭಾರವೆನಿಸುವಾಗ ಅವರು ತಮ್ಮ ಮದುವೆಯ ಕರಿ ಕೋಟನ್ನು ಬಿಟ್ಟವರಲ್ಲ. ನಲವತ್ತು ವರ್ಷ ಅದನ್ನು ತೊಟ್ಟೇ ವಾಹನಗಳ ಅಡಿಯಲ್ಲಿ ಅಂಗಾತ ತೆವಳಿದ್ದರಿಂದ ಕೋಟಿನ ಬೆನ್ನು ಸವೆದು ಜರಡಿಯಾಗಿದೆ. ಎದೆಭಾಗ ಮಾತ್ರ ಗುಂಡಿಗಳ ಸಮೇತ ಅಕ್ಷುಣ್ಣ. ಎದುರಿಗೆ ಬಂದರೆ ಮದುಮಗ, ತಿರುಗಿ ನಿಂತರೆ ಮೆಕ್ಯಾನಿಕ್ಕು. ನಡಿಗೆಯೋ, ನುಣುಪು ನೆಲದಲ್ಲೂ ರಸ್ತೆಗುಂಡಿ ತಪ್ಪಿಸಿಕೊಂಡು ಹೋಗುವವರ ನಡಿಗೆ.

ಅವರದೊಂದು ಹಠವಿದೆ. ಖಾಲಿ ಗಾಡಿಯ ಸ್ಪ್ರಿಂಗನ್ನು ಅವರು ಮುಟ್ಟುವುದಿಲ್ಲ. ದಿನವೂ ಯಾರು ಕೂರುತ್ತಾರೋ ಅವರೇ ಬಂದು ಕೂರಬೇಕು, ಏನು ಹೇರುತ್ತಾರೋ ಅದನ್ನೇ ಹೇರಬೇಕು. ಹಾಲು ಮಾರುವ ಕೆಂಚಣ್ಣ ತುಂಬಿದ ಕ್ಯಾನುಗಳೊಡನೆ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕಾದ ದಿನ ಗಾಡಿ ಸರಿಹೋಯಿತು, ಹಾಲು ಒಡೆಯಿತು. "ಎಮ್ಮಿ ಸಂಜಿಗೆ ಮತ್ತ ಕೊಡತೈತಿ ತಗೋ," ಎಂದು ಮೈಲಾರಲಿಂಗಪ್ಪನವರು ನಿರ್ಲಿಪ್ತರಾಗಿ ಟೀ ಹೀರಿದರು.

ಇಂಥವರ ಮುಂದೆ ಹೋದ ವರ್ಷ ಕುರುಗೋಡಿನ ನಿವೃತ್ತ ಡ್ರಾಯಿಂಗ್ ಮಾಸ್ತರ ದೊಡ್ಡಬಸವರಾಜ ತಮ್ಮ ಕಾರನ್ನು ತಂದು ನಿಲ್ಲಿಸಿದರು. ಪೆಟ್ಟಿಗೆಗಳಲ್ಲಿ ಬಿಡಿಭಾಗ ತರಿಸಿ ಮನೆಯಂಗಳದಲ್ಲೇ ಜೋಡಿಸಿಕೊಳ್ಳುವ ಕಿಟ್ ಕಾರು ಅದು. ಹಳೆಯ ಕಾಲದ ಚೆಲುವಿನ, ಮೇಲೆ ಮುಚ್ಚಿಗೆಯಿಲ್ಲದ, ಎರಡೇ ಸೀಟಿನ ಕೆಂಪು ಬಂಡಿ. ನಾಲ್ಕು ವರ್ಷ ಕೂತು ಕಟ್ಟಿದ್ದರು. ಎರಡನೆಯ ಸೀಟು ಹೆಂಡತಿ ಚನ್ನವೀರಮ್ಮನವರಿಗೆಂದೇ, ಅವರನ್ನು ಸಿರುಗುಪ್ಪ ಸೀಮೆಯ ತವರೂರು ರಾರಾವಿಗೆ ಅದರಲ್ಲಿ ಕರೆದೊಯ್ಯಬೇಕೆಂದೇ. ಆದರೆ ಮೊದಲ ಪಯಣದಲ್ಲಿ ಗುಂಡಿ ಬಂದಲ್ಲೆಲ್ಲ ಕಾರಿನ ಹಿಂಭಾಗ ಧಡ್ಡನೆ ಜಿಗಿದು ಆಕೆಯನ್ನು ಗೇಣೆತ್ತರ ಎಸೆಯಿತು. ತೆಕ್ಕಲಕೋಟೆಯಲ್ಲಿ ಆಕೆ ಇಳಿದು, ಸೆರಗು ಸರಿಪಡಿಸಿಕೊಂಡು, ಬಸ್ಸು ಹತ್ತಿ ಮನೆಗೆ ಮರಳಿದರು. ಇನ್ನು ಆ ಬಂಡಿಯಲ್ಲಿ ಕಾಲಿಡುವುದಿಲ್ಲವೆಂದು ಆಣೆಯಿಟ್ಟರು.

"ಆಕಿ ಕೂಡಲಿಲ್ಲಂದ್ರ ನನಗ ಈ ಕಾರ್ ಯಾತಕ್ಕ ಬೇಕ್ರಿ? ಮಾರಿಬಿಡ್ತೀನಿ," ಎಂದರು ಮಾಸ್ತರು. ಸ್ಕೂಟರ್ ತೋರಿಸಲು ಬಂದು ಅಲ್ಲೇ ಕೂತಿದ್ದ ನನಗೂ ಸಂಕಟವಾಯಿತು.

ಮೈಲಾರಲಿಂಗಪ್ಪನವರು ಕಾರಿನಡಿ ತೂರಿದರು. "ತಡೀರಿ, ಏನೋ ಹೇಳಾಕತ್ತೈತಿ," ಎಂಬ ಅವರ ಖಾಯಂ ಮಾತು ಒಳಗಿನಿಂದ ಕೇಳಿಸಿತು. ಹೊರಬಂದವರು ಎಡಗಡೆಯ ಸೀಟು ನೋಡಿದರು. ಅಲ್ಲೊಂದು ಭತ್ತದ ಚೀಲ ಬೆಲ್ಟು ಬಿಗಿಸಿಕೊಂಡು ಗಂಭೀರವಾಗಿ ಕುಳಿತಿತ್ತು.

"ಇದು ಕುಂತ್ರ ಹೂವಿನಂಗ ಹೋಗತೈತ್ರಿ," ಎಂದು ಮಾಸ್ತರು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಹೆಂಡತಿಯ ತೂಕ ಕೇಳುವ ಧೈರ್ಯ ಅವರಿಗಿರಲಿಲ್ಲ. ಸಿರುಗುಪ್ಪ ಸೀಮೆಯಲ್ಲಿ ಎಲ್ಲ ಭಾರಕ್ಕೂ ಭತ್ತದ ಚೀಲವೇ ಅಳತೆಯಾದ್ದರಿಂದ, ಎಪ್ಪತ್ತೈದು ಕೆಜಿಯ ಚೀಲವನ್ನು ಆಕೆಯ ಜಾಗದಲ್ಲಿಟ್ಟು ಹಿಂದಿನ ಸ್ಪ್ರಿಂಗು ಬಿಗಿದಿದ್ದರು. ಆಕೆಯೋ ಐವತ್ತು ಕೆಜಿ ದಾಟದ ತೆಳ್ಳನೆಯ ಜೀವ.

"ಇಷ್ಟು ಬಿಗದ್ರ ಗುಂಡಿ ಬಂದಾಗ ಚಕ್ರ ಕೆಳಗ ಇಳಿಯಾಕ ಜಾಗ ಎಲ್ಲೈತ್ರಿ? ಅದಕ್ಕ ಒಗೀತೈತಿ. ಅಮ್ಮಾರನ್ನ ಕರಸ್ರಿ."

"ಆಕಿ ಬರೂದಿಲ್ರಿ."

ಮೈಲಾರಲಿಂಗಪ್ಪನವರು ಮಾಸ್ತರರ ಫೋನು ಇಸಿದುಕೊಂಡು, "ಅಮ್ಮಾರ, ಮಾಸ್ತರು ನಿಮ್ಮ ಜಾಗದಾಗ ಭತ್ತದ ಚೀಲ ಕುಂದ್ರಿಸ್ಯಾರ್ರಿ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಮಾಸ್ತರು ಬೆವರಿದರು.

ಒಂದೂವರೆ ತಾಸಿನಲ್ಲಿ ಚನ್ನವೀರಮ್ಮ ಆಟೋದಿಂದ ಇಳಿದರು. ಚೀಲವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. "ಮೂವತ್ತೆಂಟು ವರ್ಷ ಬಾಳೇವು ಮಾಡೀರಿ, ನನ್ನ ತೂಕ ಇಷ್ಟಂತ ತಿಳದೀರೇನು? ಇಳಸ್ರಿ ಅದನ್ನ." ಆಣೆ ಎಲ್ಲಿ ಹೋಯಿತೋ, ತನ್ನ ಜಾಗ ತನ್ನದೆಂಬ ಗತ್ತಿನಲ್ಲಿ ಕೂತೇಬಿಟ್ಟರು. ನಾನು ನಗು ತಡೆಯಲು ಪಕ್ಕದ ಅಂಗಡಿಯ ಬೋರ್ಡು ಓದತೊಡಗಿದೆ.

ಮಾಸ್ತರೂ ಸ್ಟಿಯರಿಂಗ್ ಹಿಡಿದು ಕೂತರು. "ಹೊಟ್ಟಿ ಒಳಗ ಎಳಕೋಬ್ಯಾಡ್ರಿ, ತೂಕ ಕಡಿಮಿ ಆಗೂದಿಲ್ಲ," ಎಂದು ಕೆಳಗಿನಿಂದ ಆಜ್ಞೆ ಬಂತು. ಮೈಲಾರಲಿಂಗಪ್ಪನವರು ಸ್ಪ್ರಿಂಗಿನ ಬುಡದ ರಿಂಗಿಗೆ ಸ್ಪ್ಯಾನರು ಹಾಕಿ ಅರ್ಧರ್ಧ ಸುತ್ತು ಸಡಿಲಿಸುವುದು, ಬಂಡಿಯ ಹಿಂಭಾಗ ಒತ್ತಿ ಬಿಡುವುದು, "ಈಗ ಹೆಂಗೈತ್ರಿ?" ಎನ್ನುವುದು. ಮೊದಮೊದಲು ಮುಖ ಬಿಗಿದಿದ್ದ ಚನ್ನವೀರಮ್ಮ ಏಳನೆಯ ಸಲಕ್ಕೆ ಕಣ್ಣು ಮುಚ್ಚಿ ತೂಗಿ ನೋಡಿ, "ಇನ್ನೊಂದೀಟು ಇಳಸ್ರಿ," ಎಂದು ಉಪ್ಪು ನೋಡುವವರಂತೆ ಹೇಳತೊಡಗಿದ್ದರು.

ಕೊನೆಗೆ ಗ್ಯಾರೇಜಿನ ಮುಂದಿನ ಮುರುಕು ಚರಂಡಿಯ ಮೇಲೆ ಕಾರು ಹಾದುಹೋಯಿತು. ಏರಿತು, ಇಳಿಯಿತು, ಸುಮ್ಮನಾಯಿತು. ಮಾಸ್ತರು ಉಸಿರು ಬಿಗಿಹಿಡಿದು ಹೆಂಡತಿಯ ಮುಖ ನೋಡಿದರು.

"ಮನಿಗ್ಯಾಕ ಹೋಗೂದು?" ಎಂದರು ಆಕೆ. "ಇಲ್ಲಿಂದ ಸೀದಾ ರಾರಾವಿಗೇ ನಡೀರಿ."

ಭತ್ತದ ಚೀಲ ಗ್ಯಾರೇಜಿನಲ್ಲೇ ಉಳಿಯಿತು. ಅದಕ್ಕೆ ಜರಡಿ ಬೆನ್ನು ಆನಿಸಿ ಕುಳಿತು ಮೈಲಾರಲಿಂಗಪ್ಪನವರು, ಕೆಂಪು ಬಂಡಿ ತಿರುವು ದಾಟುವವರೆಗೂ ಅದರ ಹಿಂದಿನ ಚಕ್ರವನ್ನೇ ನೋಡುತ್ತಿದ್ದರು. ನನಗೆ ಅಂದು ಹೊಳೆದದ್ದಿಷ್ಟು: ನಾವು ನಮ್ಮವರಿಗಾಗಿ ನಾಲ್ಕು ವರ್ಷ ಬೆವರು ಸುರಿಸಿಯೇವು, ಆದರೆ ಅವರ ಭಾರವನ್ನು ಮಾತ್ರ ಅಂದಾಜಿನ ಮೇಲೆ ಬಿಟ್ಟಿರುತ್ತೇವೆ. ಕೂರುವವರನ್ನೇ ಕೂರಿಸಿ, "ಈಗ ಹೆಂಗೈತ್ರಿ?" ಎಂದು ಏಳು ಸಲ ಕೇಳುವ ತಾಳ್ಮೆ ಮೈಲಾರಲಿಂಗಪ್ಪನಂಥವರಿಗಷ್ಟೇ ಇರುತ್ತದೆ; ಅಂಥವರು ಊರಿಗೊಬ್ಬರಿದ್ದರೂ ಸಾಕು, ಆ ಊರಿನ ಗುಂಡಿಗಳನ್ನು ಜನ ನಗುತ್ತಲೇ ದಾಟುತ್ತಾರೆ.