ಉಂಗುರ ಬಿಡದ ಬಿಲ್ಲೆಗಳು

ಬಿಳಿ ಬಿಲ್ಲೆಗಳು ಏಳು, ಅಂಗಿಯ ಗುಂಡಿಗಿಂತ ಚಿಕ್ಕವು, ಗಾಜಿನ ಕಿಟಕಿಯ ಆಚೆ ಲ್ಯಾಬಿನವನು ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದಾನೆ, ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧ, ಔಷಧ ಗೆದ್ದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ತಿಳಿಯಾದ ಉಂಗುರ ಮೂಡುತ್ತದೆ, ಅಕ್ಕನಿಗೆ ಇದೇನು ಹೊಸ ವಿದ್ಯೆಯಲ್ಲ, ಮೂವತ್ತು ವರ್ಷ ಇದೇ ಆಸ್ಪತ್ರೆಯ ಔಷಧ ಕೋಣೆಯಲ್ಲಿ ಕೂತವಳು — ತಂಗಿಯ ಕಫ ಬಿತ್ತಿದ ತಟ್ಟೆ ಇದು, ಒಂದಕ್ಕೂ ಉಂಗುರವಿಲ್ಲ. ಯಾವುದಕ್ಕೂ ಜಗ್ತಿಲ್ಲ ಅಕ್ಕಾ, ಏಳಕ್ಕೆ ಏಳೂ ದಂಡ. ಅಷ್ಟರಲ್ಲಿ ಅವನ ಮೇಜಿನ ಫೋನು ಬಡಿದುಕೊಂಡಿತು, ಕಿವಿಗೆ ಹಿಡಿದ, ಹೂಂ ಅಂದ, ಮತ್ತೆ ಹೂಂ ಅಂದ, ಇನ್ನೊಂದು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡುವುದು ಮರೆತ, ಅಕ್ಕನ ಮುಖ ನೋಡಿದ, ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ತಂಗಿ ಹೋದಳು. ಬೆಳಗಿನ ಹತ್ತೂಕಾಲಿಗೆ, ಮೇಲಿನ ಮಹಡಿಯಲ್ಲಿ, ತಾನೇ ಹಿರಿಯ ನರ್ಸಾಗಿ ಓಡಾಡಿದ ವಾರ್ಡಿನಲ್ಲಿ — ಮಹಾಮಾರಿಯನ್ನು ಗೆದ್ದಿದ್ದಳಲ್ಲ ದೇವರೇ, ಜ್ವರ ಇಳಿದಿತ್ತು, ಕಣ್ಣು ಬಿಟ್ಟಿದ್ದಳು, ಗಾಜಿನಾಚೆಯಿಂದ ಬೆರಳೆತ್ತಿ ಬೈಯುವವಳಂತೆ ಆಡಿಸಿದ್ದಳು, ಆಮೇಲಲ್ಲವೇ ವಾರ್ಡಿನಲ್ಲೇ ಬೆಳೆದ ಈ ಇನ್ನೊಂದು ರೋಗಾಣು ಉಸಿರಿನ ಕೊಳವೆ ಹಿಡಿದು ಎದೆಗಿಳಿದದ್ದು.

ಹತ್ತಿರ ಬಿಡುವುದಿಲ್ಲ, ಸಂಜೆ ಬನ್ನಿ ಎಂದರು, ಸಂಜೆಯವರೆಗೆ ಎಲ್ಲಿಗೆ ಹೋಗುವುದು, ಕಾಲು ತಾನಾಗಿ ಮೆಟ್ಟಿಲಿಳಿದು ಔಷಧ ಕೋಣೆಗೆ ಬಂದಿದೆ, ಅದೇ ಕುರ್ಚಿ, ಎದುರಿನ ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಬೀಗದ ಕೈ. ಕೊನೆಯ ಕಪಾಟಿನದು. ಬೇರೆಲ್ಲ ಸೋತಾಗ ಮಾತ್ರ ಕೊಡುವ ಔಷಧಗಳ ಕಪಾಟು, ಲ್ಯಾಬಿನ ವರದಿಯಿಲ್ಲದೆ ತೆರೆಯಬಾರದು, ಅದಕ್ಕೇ ಆಸ್ಪತ್ರೆಗೆಲ್ಲ ಅವಳು ಬೀಗದಕ್ಕ, ಮೊದಲೆಲ್ಲ ಆ ಬೀಗದ ಕೈ ಅವಳ ಸೊಂಟ ಬಿಟ್ಟು ಕದಲಿದ್ದಿಲ್ಲ. ಸತ್ತ ಮೇಲೂ ಅದನ್ನ ಸೊಂಟಕ್ಕೆ ಕಟ್ಟೇ ಕಳಿಸ್ಬೇಕೇನೇ ಅಕ್ಕಾ, ಸ್ವರ್ಗದ ಬಾಗಿಲಲ್ಲಿ ಕೂತು ಬಂದೋರನ್ನೆಲ್ಲ ವರದಿ ಎಲ್ಲಿ ಅಂತೀಯ — ತಂಗಿಯ ನಗು, ಮಾಸ್ಕು ಹಾಕಿದ್ದರೂ ಕಣ್ಣಲ್ಲಿ ಕಾಣುತ್ತಿತ್ತು. ಆಮೇಲೆ ಆ ನಗು ನಿಂತಿತು, ಹಾಸಿಗೆ ಸಾಲದೆ ಜನ ಕಾರಿಡಾರಿನ ನೆಲದಲ್ಲಿ ಮಲಗಿದರು, ತಂಗಿ ಒಂದೇ ದಿನ ಮೂರು ಸಲ ಮೆಟ್ಟಿಲಿಳಿದು ಬಂದಳು. ವರದಿ ವರದಿ ಅಂತ ಕೂತ್ರೆ ಎರಡು ದಿನ ಹೋಗುತ್ತೆ, ಅಷ್ಟರಲ್ಲಿ ಹೆಣ ಎತ್ಬೇಕು, ಯಾವುದಕ್ಕೂ ಇರಲಿ ಅಂತ ಒಂದು ಸೂಜಿ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ. ಇದು ವೈರಸ್ಸಿಗೆ ನಾಟಲ್ಲ ಕಣೇ, ನಿಂಗೂ ಗೊತ್ತು. ಗೊತ್ತು ಅಕ್ಕಾ, ಆದ್ರೆ ನೀನು ಕೆಳಗೆ ಕೂತಿರ್ತೀಯ, ಅವರು ನೋಡೋದು ನನ್ನ ಮುಖಾನ. ಆ ಮಧ್ಯಾಹ್ನ ಮೊಳೆ ಹೊಡೆದವಳು ಅಕ್ಕನೇ. ಬೇಕಾದವರು ತೆಗೆದುಕೊಂಡು ಹೋಗಲಿ ಎಂದು ಬೀಗದ ಕೈ ತೂಗುಹಾಕಿದಳು, ದೇವರ ಹೆಸರು ಹೇಳಿಯೇ ಹಾಕಿದಳು, ಹಾಕಿದಾಗ ಹಗುರವೂ ಆಗಿತ್ತು, ಅದನ್ನು ಮುಚ್ಚಿಡಬಾರದು. ಹದಿನಾಲ್ಕು ವಾರ, ಯಾವುದಕ್ಕೂ ಇರಲಿ, ಯಾವುದಕ್ಕೂ ಇರಲಿ, ಬೇಕಿದ್ದವರಿಗೂ ಬೇಡದವರಿಗೂ, ಸಾಯುವ ರೋಗಾಣು ಸತ್ತಿತು, ಸಾಯದ್ದು ಉಳಿದು ಮರಿ ಹಾಕಿತು, ಹಾಸಿಗೆಯಿಂದ ಹಾಸಿಗೆಗೆ, ಕೈಯಿಂದ ಕೈಗೆ, ಕೊನೆಗೆ ಅವಳೆದೆಗೆ. ಕೇಳಿದವಳು ಅವಳು, ಚಿಕ್ಕವಳು, ಚಿಕ್ಕಂದಿನಿಂದಲೂ ಕೇಳಿದ್ದು ಸಿಗುವವರೆಗೆ ಬಿಟ್ಟವಳಲ್ಲ, ಇಲ್ಲ ಎನ್ನಬೇಕಾದವಳು ನಾನು, ದೊಡ್ಡವಳು — ತಟ್ಟೆಯಲ್ಲಿ ಏಳು ಬಿಲ್ಲೆ, ಅಂಚಿನವರೆಗೂ ಮಸುಕು. ಎದ್ದಳು, ಮೊಳೆಯಿಂದ ಬೀಗದ ಕೈ ತೆಗೆದಳು, ಸೊಂಟಕ್ಕೆ ಕಟ್ಟಿಕೊಂಡಳು, ಗಂಟು ಎರಡು ಸಲ ಜಾರಿತು.

ಕಿಟಕಿ ಬಡಿಯುತ್ತಿದ್ದಾರೆ, ಯಾರೋ ಎಳೆಯ ಡಾಕ್ಟರು, ಪಕ್ಕದ ಕಟ್ಟಡದವರು, ನಿನ್ನೆಯಷ್ಟೇ ಬಂದವರು. ಬೀಗದ ಕೈ ಎಲ್ಲಿ ಅಮ್ಮಾ, ಮೊಳೆ ಖಾಲಿ ಇದೆಯಲ್ಲ. ಕಫ ಲ್ಯಾಬಿಗೆ ಕಳಿಸಿದೀರಾ ಡಾಕ್ಟರೇ. ಇನ್ನೂ ಇಲ್ಲ, ಯಾವುದಕ್ಕೂ ಇರಲಿ ಅಂತ ಶುರು ಮಾಡೋಣ ಅಂತ. ಮೊದಲು ಕಳಿಸಿ, ಔಷಧ ಕೊಡಲೇಬೇಕು ಅನಿಸಿದ್ರೆ ಹೊರಗಿನ ಕಪಾಟಿನ ಮಾಮೂಲಿದು ಕೊಡ್ತೀನಿ, ವರದಿ ಬರಲಿ, ಇದನ್ನ ಆಗ ತೆಗೀತೀನಿ. ಅಮ್ಮಾ, ಅಲ್ಲೊಬ್ಬಳು ಹೆಂಗಸು ಉಸಿರಿಗೆ ಒದ್ದಾಡ್ತಿದಾಳೆ, ನಿಮ್ಮ ಸ್ವಂತ ತಂಗಿಯಾಗಿದ್ರೆ ಹೀಗೇ ಬೀಗ ಹಾಕ್ಕೊಂಡು ಕೂತಿರ್ತಿದ್ರಾ. ಪಾಪ, ಆತನಿಗೇನು ಗೊತ್ತು. ಇಲ್ಲಪ್ಪ ಎಂದಳು ಅಕ್ಕ, ಕೂತಿರಲಿಲ್ಲ, ತೆಗೆದುಕೊಟ್ಟಿದ್ದೆ. ಆತ ಅರ್ಥವಾಗದೆ ನೋಡಿದ, ಸಿಡುಕಿದ, ಹೋದ, ಲ್ಯಾಬಿಗೋ ದೂರು ಹೇಳಲಿಕ್ಕೋ, ಹೆಜ್ಜೆಯ ಸದ್ದು ಮೆಟ್ಟಿಲು ಹತ್ತುತ್ತಿದೆ — ಆ ಹೆಂಗಸು ಉಳಿಯಲಿ, ಯಾರದೋ ತಂಗಿ, ಉಳಿಯದಿದ್ದರೆ ಅದೂ ನನ್ನ ತಲೆಗೇ, ಆದರೂ ಬೀಗದ ಕೈ ಬಿಚ್ಚಲಾರೆ, ನನ್ನ ತಂಗಿಗೆ ಶಾಂತಿ ಕೊಡು ದೇವರೇ, ಅವಳು ಕೇಳಿದ್ದೆಲ್ಲ ಬೇರೆಯವರಿಗಾಗಿ, ತನಗೆಂದು ಒಂದು ಸೂಜಿಯನ್ನೂ ಕೇಳಿದವಳಲ್ಲ, ಬಾಗಿಲಲ್ಲಿ ಅವಳನ್ನು ವರದಿ ಕೇಳಬೇಡ, ಸುಮ್ಮನೆ ಒಳಗೆ ಕರೆದುಕೋ, ಶಾಂತಿ ಕೊಡು — ಕಣ್ಣು ಮುಚ್ಚಿದರೆ ತಟ್ಟೆ, ಬೆಳಕಿಗೆ ಹಿಡಿದ ತಟ್ಟೆ, ಏಳು ಬಿಳಿ ಬಿಲ್ಲೆ, ಶಾಂತಿ ಕೊಡು, ಒಂದರ ಸುತ್ತಲಾದರೂ, ದೇವರೇ, ಕೂದಲೆಳೆಯಷ್ಟಾದರೂ ಒಂದು ಉಂಗುರ