ಎಡಗಿವಿಯ ಗುಟ್ಟು

ಎಣ್ಮಕಜೆಯ ಲೋಲಾಕ್ಷಿಗೆ ಹುಟ್ಟಿನಿಂದಲೇ ಎಡಗಿವಿ ಕೇಳಿಸದು, ಬಲಗಿವಿಯೂ ಅಷ್ಟಕ್ಕಷ್ಟೆ. ಮಂಜೇಶ್ವರದ ಹತ್ತಿರದ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಮೆಷಿನ್ ನಡೆಸುವ ತರಬೇತಿಗೆ ಸೇರುವಾಗ ಅವಳು ಇದರ ಬಗ್ಗೆ ಬಾಯಿಬಿಡಲಿಲ್ಲ. ಕಣ್ಣು ಪರೀಕ್ಷೆ ಮಾಡಿದವರು ಕಿವಿಯ ಬಗ್ಗೆ ಕೇಳಲೂ ಇಲ್ಲ. ಒಳಗಿನ ಗದ್ದಲಕ್ಕೆ ಎಲ್ಲರೂ ಹತ್ತಿರ ಬಂದು ಕಿರುಚಿಯೇ ಮಾತಾಡುತ್ತಿದ್ದರು, ಉಳಿದದ್ದು ಕೈಸನ್ನೆ. ಎಲ್ಲರ ಹಾಗೆ ತಾನೂ ಇರಬಹುದಾದ ಜಾಗ ಸಿಕ್ಕಿತೆಂದು ಅವಳಿಗೆ ಹಾಯೆನಿಸಿತ್ತು.

ಕೆಲಸ ಕಲಿಸುತ್ತಿದ್ದವರು ಜೋಸ್ಫಿನ್, ಆ ಮೆಷಿನಿನಲ್ಲೇ ತಲೆ ನರೆತ ಹೆಂಗಸು. ರೋಲರ್ ನಡುವೆ ರಟ್ಟು ಸಿಕ್ಕಿಕೊಂಡರೆ ಮೆಷಿನ್ ನಿಲ್ಲಿಸಬೇಕು, ಒಬ್ಬರು ರಟ್ಟು ಎಳೆದು ತೆಗೆಯಬೇಕು, ಬೆಲ್ ಹೊಡೆದ ಮೇಲೆಯೇ ಮತ್ತೆ ಶುರು ಮಾಡಬೇಕು ಎಂದು ಅವರು ಮತ್ತೆ ಮತ್ತೆ ಹೇಳಿದ್ದರು.

ಒಂದು ದಿನ ರಟ್ಟು ಸಿಕ್ಕಿಕೊಂಡಿತು. ಲೋಲಾಕ್ಷಿ ಬಗ್ಗಿ ಎಳೆಯುತ್ತಿದ್ದಳು. ಆಚೆ ಬದಿಯಲ್ಲಿದ್ದ ಸುಜನ್, ಅವಳ ಜೊತೆಗೇ ಸೇರಿದ ಹುಡುಗ, ಕೆಲಸ ಮುಗಿಯಿತೆಂದುಕೊಂಡು ಬೆಲ್ ಒತ್ತಿದ. ಬೆಲ್ ಇದ್ದದ್ದು ಅವಳ ಎಡಕ್ಕೆ. ಅವಳು ಅಲುಗಲಿಲ್ಲ. ಮೆಷಿನಿನ ಮರೆಯಲ್ಲಿ ಅದನ್ನು ಕಾಣದೆ ಅವನು ಸ್ವಿಚ್ ಹಾಕಿದ.

ರೋಲರ್ ತಿರುಗಿ ಅವಳ ಕೈಗವಸಿನ ತುದಿ ಎಳೆಯಿತು. ಅಷ್ಟರಲ್ಲಿ ಜೋಸ್ಫಿನ್ ಓಡಿ ಬಂದು ಕೆಂಪು ಗುಂಡಿಗೆ ಗುದ್ದಿದರು. ಎಲ್ಲವೂ ನಿಂತಿತು. ಕೈಗವಸು ಒಳಗೆ ಉಳಿಯಿತು, ಕೈ ಹೊರಗೆ ಬಂತು. ಐದೂ ಬೆರಳು ಸರಿಯಾಗಿದ್ದವು.

"ಬೆಲ್ ಕೇಳಲಿಲ್ವಾ ನಿಂಗೆ?" ಎಂದರು ಜೋಸ್ಫಿನ್.

ಲೋಲಾಕ್ಷಿ ಎಡಗಿವಿ ಮುಟ್ಟಿ ಹೇಳಿದಳು, "ಇಲ್ಲ ಅಕ್ಕ. ಈ ಕಿವಿ ಕೇಳುದೇ ಇಲ್ಲ."

ಕೆಲಸ ಹೋಯಿತೆಂದೇ ಅವಳು ತಿಳಿದಳು. ಮ್ಯಾನೇಜರ್ ಶರತ್ಚಂದ್ರರ ಕೋಣೆಯಲ್ಲಿ ಜೋಸ್ಫಿನ್ ಅವಳ ಪಕ್ಕದಲ್ಲೇ ನಿಂತರು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದರು ಮ್ಯಾನೇಜರ್.

"ಹೇಳಿದ್ರೆ ತೆಗೊಳ್ತಿದ್ರಾ ಸರ್?" ಎಂದಳು ಲೋಲಾಕ್ಷಿ.

"ಗೊತ್ತಿಲ್ಲ," ಎಂದರು ಅವರು.

"ಬೆಲ್ಲಿನ ಒಟ್ಟಿಗೆ ಒಂದು ಲೈಟ್ ಹಾಕಿದ್ರೆ ಆಯ್ತಲ್ಲ ಸರ್," ಎಂದರು ಜೋಸ್ಫಿನ್. "ಈ ಗಲಾಟೆಯಲ್ಲಿ ನಂಗೂ ಕೆಲವೊಮ್ಮೆ ಕೇಳುದಿಲ್ಲ. ಮತ್ತೆ, ಒಳಗೆ ಕೈ ಹಾಕಿದವರು ಕೈ ಎತ್ತಿ ತೋರಿಸುವವರೆಗೆ ಆಚೆಯವರು ಸ್ವಿಚ್ ಹಾಕ್ಲಿಕ್ಕಿಲ್ಲ. ಯಾರೇ ಆಗ್ಲಿ."

ಮ್ಯಾನೇಜರ್ ಒಪ್ಪಿದರು. ಲೈಟ್ ಬರುವವರೆಗೆ ಲೋಲಾಕ್ಷಿಗೆ ರಟ್ಟು ಜೋಡಿಸುವ ಕೆಲಸ. ಕಳಿಸಿಬಿಡುತ್ತಾರೇನೋ ಎಂಬ ಅಳುಕು ಹೋಗಿರಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ರೋಲರಿನ ಮೇಲೆ, ನೇರ ಅವಳ ಕಣ್ಣಿನ ಮಟ್ಟಕ್ಕೆ, ದೊಡ್ಡದೊಂದು ಹಳದಿ ಲೈಟ್.

ಸುಜನ್ ಸ್ವಿಚ್ಚಿನಿಂದ ದೂರ ನಿಂತಿದ್ದ. "ಇವತ್ತು ನಾನು ಮುಟ್ಟುದಿಲ್ಲ ಮಾರಾಯ್ತಿ."

"ನೀನೇ ಹಾಕು. ನಾನು ಲೈಟ್ ನೋಡ್ತೇನೆ."

ಲೈಟ್ ಮಿನುಗಿತು. ಲೋಲಾಕ್ಷಿ ಹಿಂದೆ ಸರಿದು ಎರಡೂ ಕೈ ಮೇಲೆತ್ತಿದಳು. ರೋಲರ್ ತಿರುಗಿತು, ಮೊದಲ ಹಾಳೆ ನೆಟ್ಟಗೆ ಹೊರಬಂತು. ಸುಜನ್ ಉಸಿರು ಬಿಟ್ಟು ನಕ್ಕ. ಅವಳೂ ನಕ್ಕಳು, ಮುಂದಿನ ಹಾಳೆಗೆ ಕೈ ಚಾಚಿದಳು.